ಹುಳುಮನೆಯ ಸೂರಿಗೆ ಕಾವಲು

ಫೆಬ್ರವರಿ 24, ಸೋಮವಾರ

ಇವತ್ತು ಅತ್ತೆಯವರ ರೇಷ್ಮೆ ಹುಳುಮನೆಗೆ ನನ್ನ ಸೂರು ಬಂತು.

ಟಿ. ನರಸೀಪುರದಿಂದ ಫೋಮ್ ಸೂರಿನ ಕಂಟ್ರಾಕ್ಟರು ನಂಜುಂಡೇಶ್ ಬೆಳಗ್ಗೆಯೇ ಲಾರಿಯೊಂದಿಗೆ ಬಂದರು. ತಾರಸಿ ಉಜ್ಜಿಸಿ, ಒಣಗಿಸಿ, ಪೈಪು ಹಿಡಿದರು. ಎರಡು ಡ್ರಮ್ಮಿನ ದ್ರವಗಳು ಒಂದೇ ಮೂತಿಯಲ್ಲಿ ಕೂಡಿ ಕೆಳಗೆ ಬಿದ್ದ ಕ್ಷಣವೇ ಹುಳಿ ಬಂದ ಇಡ್ಲಿ ಹಿಟ್ಟಿನಂತೆ ಉಬ್ಬಿ, ನೋಡನೋಡುತ್ತ ಗಟ್ಟಿಯಾದವು. ಅದರ ಮೇಲೆ ಬಿಳಿ ಲೇಪ. ನಾನು ಶ್ವೇತ, ಈಗ ಸೂರೂ ಶ್ವೇತ. ನಂಜನಗೂಡಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕೂಡಿಟ್ಟದ್ದೆಲ್ಲ ಇದಕ್ಕೇ ಆಹುತಿಯಾದ್ದರಿಂದ ಇದನ್ನು ಫೋಮ್ ಎನ್ನುವುದಕ್ಕಿಂತ ಹೋಮ ಎನ್ನುವುದೇ ಸರಿ.

ಅತಿಥಿ ಎಂದರೆ ತಿಥಿ ಹೇಳದೆ ಬರುವವನು ಎಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ತಿಥಿ ಹೇಳದೆ ಕಳಿಸಲ್ಪಡುವವಳೂ ಹೌದು ಎಂದು ಈ ವರ್ಷ ತಿಳಿಯಿತು. ಕಾಲೇಜಿನವರು ಕರೆದಿಲ್ಲ. ಕರೆಯುವವರೆಗೆ ಕವಲಂದೆ ಪಕ್ಕದ ಈ ಹಳ್ಳಿ, ಈ ಮನೆ, ಈ ಹುಳುಗಳು.

ಸೂರು ಯಾಕೆ ಬೇಕಿತ್ತೆಂದರೆ, ಹೋದ ಮೇ ತಿಂಗಳಲ್ಲಿ ಹುಳುಮನೆಯ ತಾರಸಿ ರೊಟ್ಟಿ ಸುಡುವ ಕಾವಲಿಯಾಗಿತ್ತು. ಇನ್ನೇನು ಗೂಡು ಕಟ್ಟಬೇಕಾಗಿದ್ದ ರೇಷ್ಮೆ ಹುಳುಗಳು ಸೆಕೆಗೆ ಮೊದಲು ಸೊಪ್ಪು ಬಿಟ್ಟವು, ಆಮೇಲೆ ಜೀವ ಬಿಟ್ಟವು. ಉಳಿದವುಗಳ ಮೇಲೆ ಮಳೆ ಬಿದ್ದಾಗ ಬಿರುಕುಗಳಿಂದ ತೊಟ್ಟಿಕ್ಕಿತು. ಅತ್ತೆ ಮಲ್ಲಾಜಮ್ಮ ಸತ್ತ ಹುಳುಗಳನ್ನು ಮಂಕರಿಯಲ್ಲಿ ಹೊತ್ತು ಗುಂಡಿಗೆ ಸುರಿದು ಬಂದು, ಕೈ ತೊಳೆದುಕೊಳ್ಳುತ್ತ ಒಂದೇ ಮಾತು ಹೇಳಿದ್ದರು: “ಇನ್ನೊಂದ್ ಬ್ಯಾಸಗೆ ಬೆಳೆ ಇಂಗಾದ್ರೆ ಕಡ್ಡಿ ಕಿತ್ತಾಕ್ಸಿಬುಡ್ತೀನಿ.” ಕಡ್ಡಿ ಎಂದರೆ ಹಿಪ್ಪುನೇರಳೆ ತೋಟ. ಮದುವೆಯಾಗಿ ಬಂದಾಗಿನಿಂದ ಅವರು ಬೆಳೆಸಿದ್ದು. ಅತ್ತೆ ಹೆದರಿಸುವುದಕ್ಕಾಗಿ ಮಾತಾಡುವವರಲ್ಲ.

ಹೋಗುವ ಮುಂಚೆ ನಂಜುಂಡೇಶ್ ಎಚ್ಚರಿಸಿದರು. “ಮೇಡಂ, ಈ ಬಿಳೀದು ಐತಲ್ಲ, ಅದೇ ಚರ್ಮ. ಚರ್ಮ ಹರುದ್ರೆ ಬಿಸ್ಲೂ ಒಳಕ್ಕೆ, ನೀರೂ ಒಳಕ್ಕೆ. ನೀರು ಕುಡುದ್ರೆ ಫೋಮು ಸ್ಪಂಜಾಯ್ತದೆ. ತಾನಾಗ್ ತಾನು ಹಾಳಾಗಲ್ಲ ಇದು. ಹಾಳು ಮಾಡುದ್ರೆ ಮಾತ್ರ ಹಾಳಾಯ್ತದೆ.”

ತೀರ್ಮಾನ: ಈ ಬೇಸಿಗೆಯ ಬೆಳೆ ದಾಟುವವರೆಗೆ ಸೂರಿಗೆ ಒಂದು ಗೀರೂ ಬೀಳಬಾರದು. ಆಮೇಲೆ ಅವರ ಹುಳು ಅವರಿಗೆ, ನನ್ನ ಕಾಲೇಜು ನನಗೆ.

ಫೆಬ್ರವರಿ 28, ಶುಕ್ರವಾರ

ಏಣಿಯ ಬುಡದಲ್ಲಿ ಬೋರ್ಡು ನೆಟ್ಟೆ. “ಸೂರು ಸೂಕ್ಷ್ಮ. ಸ್ಯಾಂಡಲ್ಲು, ಸಂಡಿಗೆ, ಸೌದೆ, ಸೊಂಪು ನಿದ್ದೆ – ಯಾವುದಕ್ಕೂ ಇಲ್ಲಿ ಸ್ಥಳವಿಲ್ಲ.” ಬರೆದು ದೂರ ನಿಂತು ನೋಡಿದಾಗ ನನಗೇ ಮೆಚ್ಚುಗೆಯಾಯಿತು. ಮಾವ ಗುರುಮಲ್ಲಪ್ಪನವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮಾವ ದಿನಕ್ಕೆ ಆಡುವ ಮಾತನ್ನು ಒಂದು ಅಂಗೈಯಲ್ಲಿ ಹಿಡಿಸಬಹುದು. ಓದಿ, “ಸರಿ ಕಣವ್ವ” ಎಂದು ಹೊರಟುಹೋದರು.

ಅತ್ತೆ ಅಷ್ಟು ಸುಲಭದವರಲ್ಲ. ತಲೆಯ ಮೇಲೆ ಅಕ್ಕಿ ಸಂಡಿಗೆಯ ಹಿಟ್ಟು, ಕಂಕುಳಲ್ಲಿ ಹಳೆ ಸೀರೆ ಹಿಡಿದು ಏಣಿಯ ಬಳಿ ಬಂದಿದ್ದರು.

“ಸಂಡ್ಗೆ ಇನ್ನೆಲ್ಲಿ ಉಯ್ಯನ, ನಿನ್ ತಲೆ ಮ್ಯಾಲಾ?”

“ಹುಯ್ಯಿರಿ ಅತ್ತೆ, ಅದೂ ಕಾದೇ ಇದೆ.”

“ಕಾಲೇಜ್ ಓದಿದೋಳ್ ಬಾಯ್ಗೆ ಸಂಡ್ಗೆ ಯಾಕೆ. ಮಾತ್ನೇ ಕರ್ಕಂಡ್ ತಿನ್ನು.”

ಹಿಟ್ಟು ಹೊತ್ತುಕೊಂಡು ಪಕ್ಕದ ಮನೆಯ ತಾರಸಿಗೆ ಹೋದರು. ಅಲ್ಲಿಂದ ಸಂಡಿಗೆ ಹುಯ್ಯುತ್ತ ಇಡೀ ಬೀದಿಗೆ ಕೇಳುವಂತೆ ನನ್ನ ಸೂರಿನ ಚರಿತ್ರೆ ಹೇಳಿದರು. ಗಂಡ ರುದ್ರೇಶ ತಾಂಡ್ಯದ ಫ್ಯಾಕ್ಟರಿಯಿಂದ ಬಂದವನು ಎರಡೂ ಕಡೆಯ ದೂರು ಕೇಳಿ, “ನಂಗೆ ಶಿಫ್ಟು” ಎಂದು ಮಲಗಿದ. ಪುಣ್ಯವಂತ.

ಮಾರ್ಚ್ 9, ಭಾನುವಾರ

ನೋಡುವುದು ಎಂದರೆ ಈ ಊರಿನಲ್ಲಿ ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ.

ಕೆಳಗಿನ ಬೀದಿಯ ಪುಟ್ಟಬಸವಯ್ಯನವರು ಸೂರು ನೋಡಲು ಬಂದರು. ಅವರೂ ಹುಳು ಸಾಕುತ್ತಾರೆ, ತಮ್ಮ ಹುಳುಮನೆಯ ಮೇಲೆ ಪ್ರತಿ ಬೇಸಿಗೆ ತೆಂಗಿನ ಸೋಗೆ ಹೊದಿಸುತ್ತಾರೆ. ಚಪ್ಪಲಿ ಬಿಡಿಸಿ, ಕಾಲು ತೊಳೆಸಿ, ಮಧುಮಗನನ್ನು ಕರೆದೊಯ್ಯುವಂತೆ ಮೇಲೆ ಕರೆದೊಯ್ದೆ. ನಾನು ಆ ಕಡೆ ತಿರುಗುವಷ್ಟರಲ್ಲಿ ಕುಕ್ಕರುಗಾಲಲ್ಲಿ ಕೂತು ಉಗುರು ಒತ್ತಿಬಿಟ್ಟಿದ್ದರು.

“ಥರ್ಮಾಕೋಲ್ ಕಣ್ರೀ ಮೇಡಂನೋರೆ ಇದು. ಮದ್ವೆ ಸ್ಟೇಜಿಗೆ ಗಂಡು ಎಣ್ಣು ಎಸ್ರು ಬರೀತಾರಲ್ಲ, ಅದೇಯ.”

“ಹಾಗಾದರೆ ನಿಮ್ಮ ಹೆಸರೂ ಬರೆದಾಯ್ತು ಬಿಡಿ” ಎಂದು ಉಗುರಿನ ಗುರುತು ತೋರಿಸಿದೆ. ಬಿದಿಗೆಯ ಚಂದ್ರ ಮೂಡಿದ್ದ.

“ಬ್ಯಾಸಗೆ ಬರ್ಲಿ. ನಿಮ್ ಸೂರೋ, ನಮ್ ಸೋಗೆಯೋ, ಆವಾಗ್ ನೋಡನ.”

ಅವರು ಹೋದ ಮೇಲೆ ಚಂದ್ರನನ್ನು ಅಂಟುಲೇಪದಿಂದ ಮುಚ್ಚಿದೆ. ಏಣಿಯನ್ನು ತೆಗೆದು ನನ್ನ ಮಂಚದ ಕೆಳಗೆ ಮಲಗಿಸಿದೆ. ಇನ್ನು ಸೂರು ಹತ್ತಬೇಕಾದವರು ಮೊದಲು ನನ್ನ ನಿದ್ದೆಯನ್ನು ದಾಟಬೇಕು.

ಮಾರ್ಚ್ 19, ಬುಧವಾರ

ಬೇವಿನ ಎಲೆ ನೀರಿನ ಕೊಳವೆಗೆ ತುಂಬಿತ್ತು, ತೆಗೆದೆ. ಗೊರವಂಕ ಹಕ್ಕಿಗಳು ಬಂದು ಕೂರುತ್ತವೆ. ಅವಕ್ಕೆ ಅನುಪ್ರಾಸ ತಿಳಿಯದು, ಬೋರ್ಡಿನ ಮೇಲೇ ಕೂತು ಹಿಕ್ಕೆ ಹಾಕಿದವು.

“ಮೂರೊತ್ತೂ ಮ್ಯಾಕ್ ನೋಡ್ಕಂಡ್ ಕುಂತಿದ್ರೆ ಕೆಳಗಿರೊ ಉಳಕ್ಕೆ ಸೊಪ್ ಆಕೋರ್ಯಾರು?” ಎಂದರು ಅತ್ತೆ. ಸೂರನ್ನು ಒಳಗಿನಿಂದಲೂ ಪರೀಕ್ಷಿಸಬೇಕಲ್ಲ, ಅದಕ್ಕೆಂದೇ ಹುಳುಮನೆಯೊಳಗೆ ಹೋದೆ. ರೋಗ ತಡೆಯಲು ಬಾಗಿಲಲ್ಲಿ ಹಾಕಿದ ಸುಣ್ಣದ ಪುಡಿ ತುಳಿದು ಒಳಗೆ ಕಾಲಿಟ್ಟ ಕೂಡಲೇ ಕೈಗೆ ಸೊಪ್ಪಿನ ಕಂತೆ ಕೊಟ್ಟರು. ಪರೀಕ್ಷೆ ಮುಗಿಯುವಷ್ಟರಲ್ಲಿ ಎಲ್ಲ ಅಟ್ಟಣಿಗೆಗಳಿಗೂ ಸೊಪ್ಪು ಬಿದ್ದಿತ್ತು.

ಇಲ್ಲಿ ಹುಳುಗಳಿಗೆ ಜ್ವರ ಬಂದರೆ ಮನೆಯವರಿಗೆ ಸಂತೋಷ. ಪೊರೆ ಬಿಡುವ ಮುನ್ನ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ನಿಶ್ಚಲವಾಗುತ್ತವಲ್ಲ, ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದರೆ ದೊಡ್ಡವಾದಂತೆ. ನಾಲ್ಕು ಸೆಮಿಸ್ಟರ್ ಮುಗಿಸಿ ಎಂ.ಎ. ಆದವಳಿಗೆ ಇದು ತೀರ ಪರಿಚಿತ.

ಮಾರ್ಚ್ 30, ಭಾನುವಾರ

ಯುಗಾದಿ. ಒಬ್ಬಟ್ಟು. ಬೆಳಗ್ಗೆ ಚಂದ್ರಿಕೆಗಳಿಂದ ಗೂಡು ಬಿಡಿಸಿ ಮುಗಿಸಿದೆವು. ಚಂದ್ರಿಕೆ ಎಂದರೆ ಹುಳುಗಳು ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟೆ. ನೂರಾರು ಗೂಡು ಕಿತ್ತ ಮೇಲೆ ಅದು ಎಳೆಎಳೆಯಾದ ಅರಳೆ ಅಂಟಿಕೊಂಡು ಮುದುಕನ ಗಡ್ಡದಂತೆ ಕಾಣುತ್ತದೆ. ಗೂಡು ಚೆನ್ನಾಗಿವೆ ಎಂದೆ.

“ಇದ್ಯಾವ್ ದೊಡ್ದು. ಬಿಸ್ಲು ಇನ್ನೂ ಉಟ್ಟೇ ಇಲ್ಲ” ಎಂದರು ಅತ್ತೆ. ಇದು ಕಿರುಪರೀಕ್ಷೆ, ವಾರ್ಷಿಕ ಪರೀಕ್ಷೆ ಮುಂದಿದೆ ಎಂದು ಅರ್ಥ.

ಏಪ್ರಿಲ್ 4, ಶುಕ್ರವಾರ

ರೈಲಿನಲ್ಲಿ ನಂಜನಗೂಡಿಗೆ ಹೋಗಿ ಕಾಲೇಜಿನಲ್ಲಿ ಮುಖ ತೋರಿಸಿ ಬಂದೆ. “ಜಾಗ ಆದ್ರೆ ಹೇಳ್ತೀವಿ ಮೇಡಂ” ಎಂದರು.

ಮನೆಯಲ್ಲಿ ಎಲ್ಲರೂ ವಿಪರೀತ ಒಳ್ಳೆಯವರಾಗಿದ್ದಾರೆ. ಕೇಳದೆಯೇ ಅತ್ತೆ ಕಾಫಿ ಕೊಟ್ಟರು, ಅದರ ಜೊತೆ ಚಕ್ಕುಲಿ. ಮಾವ ಗೋಡೆಯ ಕಡೆ ಮುಖ ಮಾಡಿ ಸಂಜೆಯೇ ಮಲಗಿದ್ದರು. ಏನೋ ಸುಟ್ಟ ವಾಸನೆ ಎಂದೆ. “ಆಲು ಸೀದೋಯ್ತು” ಎಂದರು ಅತ್ತೆ, ಬೇರೆ ಕಡೆ ನೋಡುತ್ತ. ಹಾಲು ಸೀದರೆ ಇಷ್ಟು ಮರ್ಯಾದೆಯೇ. ದಿನವೂ ಸೀಯಲಿ.

ಮಂಚದ ಕೆಳಗೆ ಏಣಿ ತಲೆ ಈ ಕಡೆ ಮಾಡಿ ಮಲಗಿತ್ತು. ನಾನು ಆ ಕಡೆ ಮಾಡಿ ಮಲಗಿಸಿದ್ದೆ ಎಂಬ ನೆನಪು. ಕಾಲೇಜಿನ ಯೋಚನೆಯಲ್ಲಿ ತಲೆಯೇ ತಿರುಗಿರಬೇಕು, ಏಣಿಯದಲ್ಲ ನನ್ನದು.

ಏಪ್ರಿಲ್ 12, ಶನಿವಾರ

ಬೆಳಗ್ಗೆ ಸೂರಿನ ಮೂಲೆಯಲ್ಲಿ ಗೊರವಂಕಗಳ ಸಭೆ ನಡೆದಿತ್ತು. ಏಣಿ ಹಾಕಿ ಹತ್ತಿದೆ. ಹಕ್ಕಿಗಳು ಫೋಮಿನ ಹಳದಿ ಪುಡಿಯನ್ನು ಕೊಕ್ಕಿನಲ್ಲಿ ಹಿಡಿದು ಹಾರಿದವು. ಅವು ಕೂತಿದ್ದಲ್ಲಿ ಬಿಳಿ ಇತ್ತು, ಆದರೆ ಅದು ನನ್ನ ಬಿಳಿಯಲ್ಲ. ಗೋಡೆಗೆ ಬಳಿಯುವ ಸುಣ್ಣ. ಕೈಯಿಂದ ಒರೆಸಿದೆ. ಕೆಳಗೆ ಮೊರದಗಲ ಕಪ್ಪು. ಲೇಪ ಸುಟ್ಟು ಸುರುಟಿ, ಫೋಮು ಕರಗಿ ಗುಳಿ ಬಿದ್ದಿತ್ತು.

ಅಂಗಳಕ್ಕೆ ಬಂದು ಕೇಳಿದೆ. ಅತ್ತೆ ಮಾವನ ಕಡೆ ನೋಡಿದರು. ಮಾವ ನೆಲ ನೋಡಿದರು.

ಗೂಡು ಬಿಡಿಸಿದ ಮೇಲೆ ಚಂದ್ರಿಕೆಗೆ ಅಂಟಿದ ಅರಳೆಯನ್ನು ಗ್ಯಾಸಿನ ಬೆಂಕಿ ಪೈಪಿನಿಂದ ಸುಡುತ್ತಾರೆ. ಹಾಗೆ ಸುಟ್ಟರೆ ರೋಗವೂ ಸಾಯುತ್ತದೆ. ಅಂಗಳದಲ್ಲಿ ಹುಲ್ಲಿನ ಮೆದೆ ಇರುವುದರಿಂದ ಈ ಕೆಲಸ ಈ ಮನೆಯಲ್ಲಿ ಯಾವತ್ತೂ ನಡೆಯುವುದು ತಾರಸಿಯ ಮೇಲೆ. ಕೆಳಗೆ ಸುಡುವವನೇ ಅವಿವೇಕಿ, ಮೇಲೆ ಸುಡುವವನು ಜಾಗರೂಕ. ನಾನು ನಂಜನಗೂಡಿಗೆ ಹೋದ ದಿನ ಮಾವ ಜಾಗರೂಕರಾಗಿದ್ದರು.

“ಮೆಟ್ ಆಕಿರ್ನಿಲ್ಲ ಕಣವ್ವ. ಕಾಲ್ ತೊಳ್ಕಂಡೇ ಅತ್ತಿದ್ದು” ಎಂದರು. “ಗೋಣಿಚೀಲ ನೆನ್ಸಿ ಆಸಿದ್ದೆ. ಒಂದ್ ಕಡೆ ಒಣ್ಗೋಗಿತ್ತು, ಗೊತ್ತಾಗ್ನಿಲ್ಲ.”

“ಅವರ್ನ್ಯಾಕಂತೀಯೆ” ಎಂದು ಅತ್ತೆ ನಡುವೆ ಬಂದರು. “ನಿನ್ ಬೋಲ್ಡ್‌ನಲ್ಲಿ ಸಂಡ್ಗೆ ಬ್ಯಾಡ, ಸೌದೆ ಬ್ಯಾಡ, ನಿದ್ದೆ ಬ್ಯಾಡ ಅಂತಿತ್ತು. ಬೆಂಕಿ ಬ್ಯಾಡ ಅಂತ ಎಲ್ ಬರ್ದಿದ್ದೆ?”

ಬರೆದಿರಲಿಲ್ಲ. ಹುಳುಮನೆಯ ಸೂರಿನ ಮೇಲೆ ಬೆಂಕಿ ಹಚ್ಚುತ್ತಾರೆಂದು ಯಾರಿಗೆ ಹೊಳೆಯುತ್ತದೆ? ಈ ಊರಿನ ಎಲ್ಲರಿಗೂ ಹೊಳೆಯುತ್ತದೆ, ಹೊರಗಿನಿಂದ ಬಂದವಳನ್ನು ಬಿಟ್ಟು.

ಸುಟ್ಟದ್ದಕ್ಕಿಂತ ಸುಣ್ಣ ಬಳಿದದ್ದು ಹೆಚ್ಚು ಉರಿಯಿತು. ಯಾರೊಂದಿಗೂ ಮಾತಾಡಲಿಲ್ಲ. ಇವತ್ತು ಹಾಸ್ಯ ಬರುವುದಿಲ್ಲ.

ಏಪ್ರಿಲ್ 13, ಭಾನುವಾರ

ನಂಜುಂಡೇಶ್‌ಗೆ ಫೋನ್ ಮಾಡಿದೆ. ಬೇಸಿಗೆಯ ಕೆಲಸ ತುಂಬಾ ಇದೆಯಂತೆ, ಮಷೀನು ಮೇ ಕೊನೆಯವರೆಗೂ ಬರುವುದಿಲ್ಲವಂತೆ. “ಮಳೆ ಬರೋದ್ರೊಳಗೆ ನೀವೇ ಮುಚ್ಚಬೇಕು ಮೇಡಂ. ಆ ತೂತಲ್ಲಿ ನೀರು ಇಳುದ್ರೆ ಪಕ್ಕಪಕ್ಕದಲ್ಲೇ ಹರ್ಕೊಂಡು ಹೋಗಿ ಇಡೀ ಸೂರು ಕುಡ್ಕೊಂಡು ಕೂತ್ಕೊಳ್ತದೆ.”

ಬೇಸಿಗೆ ಬೆಳೆಯ ಮರಿಹುಳುಗಳಿಗೆ ಟಿ. ನರಸೀಪುರದ ಸಾಕಣೆ ಕೇಂದ್ರದಲ್ಲಿ ಮೊದಲೇ ಹೇಳಿಟ್ಟಿದ್ದೇವೆ. ಮಂಗಳವಾರ ತರಬೇಕು. ಅತ್ತೆ ಬಾಗಿಲಲ್ಲಿ ನಿಂತು, “ಬ್ಯಾಡ ಅನ್ನನ ಬುಡು” ಎಂದರು. “ಮ್ಯಾಗಡೆ ತೂತ ಇಟ್ಕಂಡ್ ಕೆಳಗಡೆ ಉಳ ಸಾಯ್ಸಕ್ಕೆ ನನ್ ಕೈಲಾಗಲ್ಲ. ಕಡ್ಡಿ ಕೀಳಕ್ಕೆ ಜೆಸಿಬಿಯೋನ್ಗೆ ಏಳ್ತೀನಿ.”

ದನಿಯಲ್ಲಿ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ಬಾಯಿ ಮುಚ್ಚಿಸುವ ಮಾತು ನನ್ನಲ್ಲಿತ್ತು.

“ಹುಳು ಬರಲಿ ಅತ್ತೆ. ತೂತ ನಾನು ಮುಚ್ಚುತ್ತೇನೆ” ಎಂದೆ.

ಏಪ್ರಿಲ್ 15, ಮಂಗಳವಾರ

ಬಿಸಿಲೇರುವ ಮುಂಚೆ ಬರಬೇಕೆಂದು ಮುಂಜಾನೆಯೇ ನಮ್ಮೂರಿನ ಬಸವಣ್ಣನ ಗೂಡ್ಸ್ ಆಟೋದಲ್ಲಿ ಟಿ. ನರಸೀಪುರಕ್ಕೆ ಹೊರಟೆ. ಹತ್ತುವಾಗ ನೋಡಿದರೆ ಮಾವ ಆಗಲೇ ಹಿಂದೆ ಕೂತಿದ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಯಾರೂ ಕರೆದಿರಲಿಲ್ಲ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಮಾವನಿಗೆ ಅದು ಅಭ್ಯಾಸ, ನನಗೆ ವ್ರತ.

ನಂಜುಂಡೇಶ್ ಅಂಗಡಿಯಲ್ಲೇ ತೋರಿಸಿಕೊಟ್ಟರು. “ಸುಟ್ಟಿದ್ದು, ನೆಂದಿದ್ದು, ಪುಡಿಯಾಗಿದ್ದು, ಎಲ್ಲಾ ಕೆತ್ತಿ ತೆಗೀಬೇಕು. ಹಲ್ಲಿನ ಡಾಕ್ಟ್ರು ಹುಳುಕು ತೆಗೀತಾರಲ್ಲ, ಹಂಗೆ. ಒಂಚೂರು ಕಪ್ಪು ಒಳಗೆ ಉಳ್ಕೊಂಡ್ರೂ ಹೊಸಾದು ಹಿಡಿಯಲ್ಲ.” ಹುಳುಮನೆಯ ಹುಳುಕು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಡಬ್ಬಿ ಫೋಮು, ಬಿಳಿ ಲೇಪ, ನಡುವೆ ಹಾಸುವ ಬಲೆಬಟ್ಟೆ, ಬ್ರಷ್ಷು ಕೊಟ್ಟರು. ಮಾವ ಎಲ್ಲವನ್ನೂ ಮುಟ್ಟಿ ನೋಡಿ, “ಇದು ಬೆಂಕಿಗೆ ತಡ್ಯಕಿಲ್ವಾ?” ಎಂದು ಕೇಳಿದರು.

“ಯಾಕೆ ಯಜಮಾನ್ರೇ, ಇನ್ನೊಂದ್ ಸಲ ಸುಡೋ ಪ್ಲಾನ್ ಐತಾ?”

ಮಾವನ ಕಿವಿ ಕೆಂಪಾಯಿತು.

ವಾಪಸು ಬರುವಾಗ ಮರಿಹುಳುಗಳ ತಟ್ಟೆಗಳಿಗೆ ಬಿಸಿಗಾಳಿ ತಾಗದಂತೆ ಆಟೋದ ಸುತ್ತ ಒದ್ದೆ ಗೋಣಿ ಕಟ್ಟಿದ್ದೆವು. ಮಾವ ಚೊಂಬಿನಿಂದ ಅದಕ್ಕೆ ನೀರು ಚಿಮುಕಿಸುತ್ತಲೇ ಇದ್ದರು. ವ್ರತ ಮರೆತು ನನ್ನ ಬಾಯಿಂದ ಮಾತು ಜಾರಿತು: “ಗೋಣಿ ನೆನೆಸೋದ್ರಲ್ಲಿ ಈಗ ಪಳಗಿಬಿಟ್ರಿ ಮಾವ.”

ಮಾವ ಚೊಂಬನ್ನೇ ನೋಡಿದರು. “ಅವತ್ ಇನ್ನೊಂದ್ ಚೊಂಬು ಉಯ್ದಿದ್ರೆ ಆಗಿತ್ತು” ಎಂದರು. ಮೊದಲು ಬಸವಣ್ಣ ನಕ್ಕ, ಆಮೇಲೆ ನಾನು, ಕೊನೆಗೆ ಮಾವ. ಮಾವ ನಕ್ಕರೆ ಭುಜ ಕುಣಿಯುತ್ತದೆ ಎಂದು ಗೊತ್ತಿರಲಿಲ್ಲ.

ಏಪ್ರಿಲ್ 16, ಬುಧವಾರ

ಮಾವ ಸೊಪ್ಪು ಕೊಯ್ಯುವ ಕುಡುಗೋಲಿನ ಮೊನೆಯಿಂದ ಸುಟ್ಟದ್ದನ್ನು ಕೆತ್ತಿದರು. ಇಷ್ಟು ಸಾಕು ಎಂದೆ. “ಇಲ್ಲ, ಇಲ್ಲೊಂಚೂರ್ ಅದೆ” ಎಂದು ಇನ್ನೂ ಕೆತ್ತಿದರು. ಮೊರದಗಲವಿದ್ದದ್ದು ಎರಡು ಮೊರದಗಲವಾಯಿತು, ಆಳವೂ ಆಯಿತು. ಗುಳಿಗೆ ನಾನು ಫೋಮು ತುಂಬಿದೆ, ಅದು ಉಕ್ಕಿ ಹೊರಗೆ ಬಂತು, ನಾನು ಗಾಬರಿಯಾದೆ. ಮಾವ ಆರುವವರೆಗೆ ಕಾದು ಉಕ್ಕಿದ್ದನ್ನು ಸಮ ಕೊಯ್ದರು. ಬಲೆಬಟ್ಟೆ ಹಾಸಿ ಲೇಪ ಬಳಿದೆವು. ಲೇಪ ಒಣಗುವವರೆಗೆ ಗೊರವಂಕ ಬಾರದಂತೆ ಮಾವ ಟವಲು ಬೀಸುತ್ತ ಬಿಸಿಲಲ್ಲೇ ಕೂತಿದ್ದರು. ಅತ್ತೆ ಕೆಳಗಿನಿಂದ ಮಜ್ಜಿಗೆ ಏರಿಸಿದರು.

“ತ್ಯಾಪೆ ನಿಂತ್ತಾ?” ಎಂದು ಕೇಳಿದರು.

“ಮಳೆ ಬಂದ ಮೇಲೆ ಗೊತ್ತಾಗುತ್ತೆ ಅತ್ತೆ.”

ಬೋರ್ಡಿಗೆ ಹೊಸ ಸಾಲು ಸೇರಿಸಿದೆ: “ಬೆಂಕಿ ಬೇಡ.” ಪ್ರಾಸವಿಲ್ಲ. ಎಲ್ಲರಿಗೂ ಅರ್ಥವಾಗುತ್ತದೆ.

ಏಪ್ರಿಲ್ 24, ಗುರುವಾರ

ಬಿಸಿಲಿಗೆ ನಾಯಿಗಳೂ ಬೊಗಳುವುದಿಲ್ಲ. ಹುಳುಮನೆಯ ಒಳಗೆ ಮಾತ್ರ ಬೆಳಗಿನ ಹೊತ್ತಿನ ತಂಪು. ಬಾಗಿಲು ಕಿಟಕಿಗೆ ಒದ್ದೆ ಗೋಣಿ ಕಟ್ಟಿದ್ದೇವೆ, ಉಳಿದದ್ದು ಸೂರಿನದು. ಸೊಪ್ಪು ಹೆಚ್ಚುವ ನೆಪದಲ್ಲಿ ಅತ್ತೆ ಅಲ್ಲೇ ಗೋಡೆಗೊರಗಿ ತೂಕಡಿಸುತ್ತಾರೆ. ಎಬ್ಬಿಸುವುದಿಲ್ಲ. ಸಂಜೆ ಸೊಪ್ಪಿನ ಸರದಿ ಈಗ ನನ್ನದೇ.

ಮಧ್ಯಾಹ್ನ ಪುಟ್ಟಬಸವಯ್ಯನವರು ಬಂದರು. ಹೊಸಲು ದಾಟಲಿಲ್ಲ, ಒಬ್ಬರ ಹುಳುಮನೆಯ ಗಾಳಿ ಇನ್ನೊಬ್ಬರ ಹುಳುಮನೆಗೆ ತಾಗಿಸಬಾರದು ಎಂಬುದು ಅವರಿಗೂ ಗೊತ್ತು. ಗಿಂಡಿ ನೀರು ಪೂರ್ತಿ ಕುಡಿದು, “ನಮ್ಮವು ಸೊಪ್ ಮುಟ್ತಾ ಇಲ್ಲ ಕಣಕ್ಕ” ಎಂದು ಅತ್ತೆಗೆ ಹೇಳಿದರು. ಸೋಗೆಯೋ ಸೂರೋ ಎಂದು ನಾನು ಕೇಳಬಹುದಿತ್ತು. ಅದರ ಬದಲು, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಸೋಗೆಗೂ ನೀರು ಹೊಡೆಸಿ, ಸೊಪ್ಪನ್ನು ಬೆಳಗಿನ ಜಾವವೇ ಕೊಯ್ಸಿ ಎಂದೆ. ಹೇಳಿದ ಮೇಲೆ, ಇದೆಲ್ಲ ನನಗೆ ಯಾವಾಗ ಗೊತ್ತಾಯಿತು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಇರುವೆ ಬಂತೆಂದು ಅತ್ತೆ ಕರೆದರು.

ಏಪ್ರಿಲ್ 27, ಭಾನುವಾರ

ನಾಲ್ಕನೇ ಜ್ವರ ಎದ್ದವು. ಇನ್ನು ಹೊಟ್ಟೆಬಾಕತನದ ದಿನಗಳು. ತೋಟದಿಂದ ತಂದಷ್ಟೂ ಸಾಲದು.

ಕಾಲೇಜಿನಿಂದ ಫೋನ್ ಬಂದಿತ್ತು. ಒಬ್ಬರು ಹೆರಿಗೆ ರಜೆಯಂತೆ, ನಾಳೆಯೇ ಬನ್ನಿ ಎಂದರು. ಆಗುವುದಿಲ್ಲ, ಈಗಷ್ಟೇ ಜ್ವರ ಎದ್ದಿದ್ದಾವೆ ಎಂದೆ. “ಅಯ್ಯೋ, ಮಕ್ಕಳಿಗಾ ಮೇಡಂ?” ಎಂದರು. ಹೂಂ ಎಂದೆ. ವಿವರಿಸಲು ಹೊತ್ತಿರಲಿಲ್ಲ, ಸೊಪ್ಪು ಬಂದಿಳಿದಿತ್ತು.

ಮೇ 1, ಗುರುವಾರ

ಸೊಪ್ಪು. ಸೊಪ್ಪು. ಸೊಪ್ಪು. ರುದ್ರೇಶನಿಗೆ ಇವತ್ತು ರಜೆ, ಅವನಿಗೂ ಸೊಪ್ಪು. ಕಾರ್ಮಿಕರ ದಿನಾಚರಣೆ ಇದಕ್ಕಿಂತ ಅರ್ಥಪೂರ್ಣವಾಗಿ ಎಲ್ಲೂ ನಡೆದಿರಲಾರದು.

ದಕ್ಷಿಣದಲ್ಲಿ ಮೋಡ ಕಟ್ಟುತ್ತದೆ, ಚದುರುತ್ತದೆ. ತೇಪೆಯನ್ನು ದಿನಕ್ಕೆರಡು ಸಲ ಮುಟ್ಟಿ ನೋಡುತ್ತೇನೆ. ಮಾವ ಎಷ್ಟು ಸಲ ನೋಡುತ್ತಾರೋ ಲೆಕ್ಕವಿಲ್ಲ.

ಮೇ 4, ಭಾನುವಾರ

ಇವತ್ತಿನದೆಲ್ಲವನ್ನೂ ಬರೆದಿಡಬೇಕು.

ಬೆಳಗ್ಗೆ ನಮ್ಮ ಹುಳುಗಳು ಹಣ್ಣಾದವು. ಮೈ ಬೆಣ್ಣೆಯ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಗೂಡಿಗೆ ಜಾಗ ಹುಡುಕತೊಡಗಿದವು. ಎಲ್ಲರೂ ಸೇರಿ ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟೆವು. ಮಧ್ಯಾಹ್ನ ಮುಗಿಯುವ ಹೊತ್ತಿಗೆ ಹುಳು ಹಣ್ಣಾಗಿದ್ದವೋ ನಾವೋ ಹೇಳುವುದು ಕಷ್ಟವಿತ್ತು. ಅಷ್ಟರಲ್ಲಿ ಬೆಳಕು ಹೋಯಿತು. ನೋಡಿದರೆ ಆಕಾಶ ಬಾಣಲೆಯ ತಳದಂತೆ ಕಪ್ಪಾಗಿತ್ತು.

ಅತ್ತೆ ಒಳಗೆ ಓಡಿ ಪ್ಲಾಸ್ಟಿಕ್ ಹಾಳೆಯ ಸುರುಳಿ ಎಳೆದು ತಂದರು. “ಇಡ್ಕ ಆ ಕಡೆ. ಚಂದ್ರಿಕೆ ಮ್ಯಾಲೆ ಮುಚ್ಬುಡನ.”

“ಮುಚ್ಚಿದರೆ ಗಾಳಿ ಆಡಲ್ಲ ಅತ್ತೆ. ಇಷ್ಟು ಹುಳು ಒಳಗೇ ಬೆವೆತರೆ ಗೂಡು ಹಾಳಾಗುತ್ತೆ. ನೀವೇ ಹೇಳಿಕೊಟ್ಟಿದ್ದು.”

“ಏಳ್ಕೊಟ್ಟಿದ್ದೆ. ಓದ್ ವರ್ಷ ಮ್ಯಾಗಿಂದ ಸುರ್ದಾಗ ನೀನ್ ಇರ್ನಿಲ್ವಾ ಇಲ್ಲಿ?”

ಇದ್ದೆ. ಬಾಗಿಲಲ್ಲಿ ನಿಂತು ನೋಡಿದ್ದೆ. ಸುಟ್ಟ ಜಾಗ ಸರಿಯಾಗಿ ಚಂದ್ರಿಕೆಗಳ ಮೂರನೇ ಸಾಲಿನ ಮೇಲೆ ಬರುತ್ತದೆ. ತೇಪೆ ಬಿಟ್ಟರೆ ಆ ಸಾಲಷ್ಟೇ ಅಲ್ಲ, ತೋಟವೂ ಹೋಯಿತು. ಮುಚ್ಚಿದರೆ ಎಲ್ಲ ಸಾಲೂ ಅರೆಬರೆ. ಅತ್ತೆಯ ಕೈಯಲ್ಲಿ ಪ್ಲಾಸ್ಟಿಕ್ಕಿನ ಒಂದು ತುದಿ, ನನ್ನ ಕೈಯಲ್ಲಿ ಇನ್ನೊಂದು. ರುದ್ರೇಶ ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದ. ಶಿಫ್ಟಿನ ನೆಪವೂ ಇರಲಿಲ್ಲ ಅವನಿಗೆ.

“ಮಾವ ಕೆತ್ತಿದ್ದು, ನಾನು ತುಂಬಿದ್ದು” ಎಂದೆ. “ಒಂದು ಚೂರು ಕಪ್ಪು ಬಿಟ್ಟಿಲ್ಲ ಅವರು. ಮುಚ್ಚೋದು ಬೇಡ ಅತ್ತೆ.”

ಅತ್ತೆ ಮೂರನೇ ಸಾಲಿನ ಮೇಲಿನ ಸೂರು ನೋಡಿದರು. ಆಮೇಲೆ ತಮ್ಮ ತುದಿಯನ್ನು ಬಿಟ್ಟರು.

ಮಳೆ ಬಂತು. ಹನಿಯಾಗಿ ಅಲ್ಲ, ಬಿಂದಿಗೆ ಬೋರಲು ಹಾಕಿದಂತೆ. ಮೂರೂ ಜನ ಮೂರನೇ ಸಾಲಿನ ಪಕ್ಕ ಕತ್ತೆತ್ತಿ ನಿಂತೆವು. ಚಂದ್ರಿಕೆಯ ಮೇಲೆ ಹುಳುಗಳೂ ನಮ್ಮ ಹಾಗೆಯೇ ಕತ್ತೆತ್ತಿಕೊಂಡು ಎಳೆ ಬಿಡುತ್ತಿದ್ದವು. ಸೂರಿನ ಒಳಮೈಯಲ್ಲಿ ಹಳೆಯ ತೇವದ ಕಲೆಯೊಂದಿದೆ. ಅದು ಹೊಸದೋ ಹಳೆಯದೋ ಎಂದು ನೋಡಿ ನೋಡಿ ಕಣ್ಣು ಉರಿಯಿತು. ಅತ್ತೆ ಅಂಗೈ ಚಾಚಿ, ಆ ಜಾಗದ ಕೆಳಗೆ ಹಿಡಿದುಕೊಂಡೇ ನಿಂತಿದ್ದರು. ಅಂಗೈ ಒಣಗಿಯೇ ಇತ್ತು.

“ಇವ್ರೆಲ್ಲವ್ವ?” ಎಂದರು ಆಗ.

ಮಾವ ಒಳಗಿರಲಿಲ್ಲ. ಮನೆಯಲ್ಲೂ ಇರಲಿಲ್ಲ. ಹೊರಗೆ ಓಡಿದೆ. ಏಣಿ ಹುಳುಮನೆಯ ಗೋಡೆಗೆ ಒರಗಿತ್ತು. ಹತ್ತಿ ತಲೆಯಿಟ್ಟು ನೋಡಿದರೆ, ಸೂರಿನ ಮೂಲೆಯಲ್ಲಿ ಮಾವ ಬರಿಗಾಲಲ್ಲಿ ಕುಕ್ಕರಿಸಿ ಕೂತು ಎರಡೂ ಕೈಯಲ್ಲಿ ಕೊಡೆ ಹಿಡಿದಿದ್ದರು. ಕೊಡೆ ಅವರ ತಲೆಯ ಮೇಲಿರಲಿಲ್ಲ. ತೇಪೆಯ ಮೇಲಿತ್ತು. ಕವಲಂದೆ ಕಡೆ ಮಿಂಚು ಬಿತ್ತು.

“ಮಾವ, ಇಳೀರಿ.”

“ನೀನ್ ಓಗವ್ವ, ನೆನ್ದೋಯ್ತೀಯ. ಇದೊಂದ್ ಮಳೆ ತಡ್ಕಂಡ್ರೆ ಸಾಕು. ಇನ್ನೂ ಅಸೀದು ಇದು.”

“ಅದು ಆರಿ ಎಷ್ಟೋ ದಿನ ಆಯ್ತು. ಒಳಗೆ ಒಂದು ತೊಟ್ಟೂ ಬಿದ್ದಿಲ್ಲ.”

“ಅದೇ, ಕೊಡೆ ಇಡ್ದಿರೋದ್ಕೆ.”

ಇದಕ್ಕೆ ಉತ್ತರ ಕೊಡುವ ತರ್ಕಶಾಸ್ತ್ರ ನಾನು ಓದಿಲ್ಲ. ಸೂರಿನ ಮೇಲೆ ಅಂಬೆಗಾಲಿನಲ್ಲಿ ಅವರ ಬಳಿಗೆ ಹೋದೆ, ಕಾಲು ಜಾರುತ್ತಿತ್ತು. ಕೊಡೆಯ ಹಿಡಿಯನ್ನು ಅವರ ಕೈಯಿಂದ ಬಿಡಿಸಿದೆ. ಬೆರಳುಗಳು ಮರಗಟ್ಟಿದ್ದವು. ಕೊಡೆ ಮಡಚಿದೆ. ತೇಪೆಯ ಮೇಲೆ ಮಳೆ ನೇರವಾಗಿ ಬಡಿಯಿತು. ಇಬ್ಬರೂ ಬಗ್ಗಿ ನೋಡಿದೆವು. ಹನಿಗಳು ಬಿದ್ದವು, ಗುಂಡಾದವು, ಒಂದರ ಹಿಂದೆ ಒಂದು ಜಾರಿ ಕೊಳವೆಯ ಕಡೆ ಹರಿದವು.

“ಮಳೆ ಬೀಳಲಿ ಅಂತಲೇ ಇರೋದು ಮಾವ ಸೂರು. ನಿಮಗೇನಾದರೂ ಆದರೆ ನಾನು ಯಾವ ಅಂಗಡಿಗೆ ಹೋಗಲಿ?”

ಮಾವ ಅಂಗೈಯಿಂದ ತೇಪೆಯ ಮೇಲಿನ ನೀರನ್ನು ಒಂದು ಸಲ ಸವರಿದರು, ಎತ್ತಿನ ಬೆನ್ನು ಸವರುವ ಹಾಗೆ. ಆಮೇಲೆ ನನ್ನ ಭುಜ ಹಿಡಿದು ಎದ್ದರು. ಏಣಿಯ ಬುಡದಲ್ಲಿ ಅತ್ತೆ ತಲೆಯ ಮೇಲೆ ಸೆರಗೂ ಇಲ್ಲದೆ ನೆನೆಯುತ್ತ ನಿಂತು, “ಮಾವ್ನೂ ಸೊಸೆನೂ ಮ್ಯಾಲೇ ಸಂಸಾರ ಊಡಿ, ಇಳೀಬ್ಯಾಡಿ” ಎಂದು ಬೈದರು.

ಮೇ 5, ಸೋಮವಾರ

ಹುಳುಗಳು ಗೂಡಿನೊಳಗೆ ಮರೆಯಾಗುತ್ತಿವೆ. ಇನ್ನೂ ಕಾಣುವವು ತೆಳು ಪರದೆಯ ಹಿಂದೆ ಕೆಲಸ ಮಾಡುವವರಂತೆ ಕಾಣುತ್ತವೆ. ಮೂರನೇ ಸಾಲೂ ಹಾಗೆಯೇ.

ಅತ್ತೆ ಬೆಳಗ್ಗೆ ಎದ್ದವರೇ ಟಿ. ನರಸೀಪುರಕ್ಕೆ ಫೋನ್ ಮಾಡಿ ಮುಂದಿನ ಬೆಳೆಯ ಮರಿಹುಳುಗಳಿಗೆ ಹೇಳಿದರು. ನನ್ನನ್ನು ಕೇಳಲಿಲ್ಲ. ತರಲು ಯಾರು ಹೋಗುತ್ತಾರೆ ಎಂದು ನಾನೂ ಕೇಳಲಿಲ್ಲ.

ಸೂರಿಗೆ ಏನೂ ಆಗಿಲ್ಲ. ಮಾವನಿಗೆ ನೆಗಡಿ.